ಪಡಸಾಲೆಗೆ ಸೋಫಾ ಬಂದ ವರ್ಷ

ಕಾಲು ಓರೆಯಾಗಿರುವ ಸೋಫಾ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆಗತಾನೇ ಹುಟ್ಟಿದ ಕರು ಎದ್ದು ನಿಲ್ಲಲು ಹೆಣಗುವಾಗ ಕಾಲು ಅಗಲಿಸುತ್ತದಲ್ಲ, ಹಾಗೆ ನಾಲ್ಕು ತೆಳ್ಳನೆಯ ಕಾಲು ಹೊರಕ್ಕೆ ಚಾಚಿಕೊಂಡಿರುವ ಸೋಫಾ. ಆ ಫ್ಯಾಷನ್ ಈಗ ತಿರುಗಿ ಬಂದಿದೆಯಂತೆ. ಬರಲಿ, ಯಾರು ಬೇಡ ಅಂದರು! ನನ್ನ ಮನೆಯ ಹೊಸ್ತಿಲು ದಾಟದಿದ್ದರೆ ಸಾಕು.

ಅರವತ್ತನೇ ಇಸವಿಯ ಆಸುಪಾಸಿನ ಮಾತು. ಶಿಗ್ಗಾಂವಿಯಿಂದ ದುಂಡಸಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಸರಿದರೆ ನಮ್ಮ ಊರು. ತಲೆಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಅದರಾಚೆ ಮೆಟ್ಟಿಲು ಹತ್ತಿದರೆ ಪಡಸಾಲೆ. ಬಂದವರು ಕೂರುವುದು, ಎತ್ತಿನ ವ್ಯಾಪಾರ, ಬೀಗತನದ ಮಾತು, ಅಣ್ಣತಮ್ಮಂದಿರ ಜಗಳ, ಎಲ್ಲ ಅಲ್ಲೇ. ಗೋಡೆಗುಂಟ ಜಮಖಾನೆ ಹಾಸಿರುತ್ತಿತ್ತು. ಅಪ್ಪನಿಗೆ ಬೇರೆ ಒಂದು ಗಾದಿ ಮತ್ತು ಲೋಡು. ಗೋಡೆಯ ತುಂಬ ಗೂಟಗಳು, ಗೂಟಗಳ ತುಂಬ ಅಪ್ಪನ ಅಂಗಿ, ರುಮಾಲು, ಎತ್ತಿನ ಗೆಜ್ಜೆಸರ, ಬಾರುಕೋಲು. ಅವುಗಳ ಮೇಲೆ ದೇವರ ಪಟಗಳು ಮತ್ತು ಹಳೆಯ ಕ್ಯಾಲೆಂಡರುಗಳು. ದೇವರ ಚಿತ್ರವಿದ್ದ ಕ್ಯಾಲೆಂಡರನ್ನು ವರ್ಷ ಮುಗಿಯಿತೆಂದು ತೆಗೆದೊಗೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಪಡಸಾಲೆಯಿಂದ ಒಳಗೆ ಹೋಗಲು ಎರಡು ಬಾಗಿಲಿದ್ದವು. ಬಲತುದಿಯದು ಅಡುಗೆಮನೆಗೆ, ನಟ್ಟನಡುವಿನದು ನಡುಮನೆಗೆ. ನಡುವಿನ ಬಾಗಿಲು ಅಪ್ಪನ ಗಾದಿಯ ಬಗಲಿಗೇ ಇತ್ತು, ಮತ್ತು ಆ ಬಾಗಿಲ ಮರೆ ಅವ್ವನ ಜಾಗವಾಗಿತ್ತು. ಹೊರಗೆ ನಾಲ್ಕು ಜನ ಬಂದು ಕೂತರೆಂದರೆ ಅವ್ವ ಮೊರದಲ್ಲಿ ಒಂದಿಷ್ಟು ಜೋಳ ಹಾಕಿಕೊಂಡು ಬಂದು ಕದದ ಹಿಂದೆ ಮೊಣಕಾಲು ಎತ್ತಿ ಕೂತುಬಿಡುತ್ತಿದ್ದಳು. ಹೊರಗಿನವರಿಗೆ ಅವಳು ಕಾಣುತ್ತಿರಲಿಲ್ಲ. ಅವಳಿಗೆ ಹೊರಗಿನ ಮಾತೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು.

ನಮ್ಮ ಮನೆ ನಡೆಯುತ್ತಿದ್ದದ್ದೇ ಹಾಗೆ. ಹೊರಗೆ ಅಪ್ಪ ಯಾವ ಮಾತಿಗೂ ತಟ್ಟನೆ ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಿರಲಿಲ್ಲ. ಎಲೆಯಡಿಕೆಯ ಚಂಚಿ ಬಿಚ್ಚಿ ಎಲೆಗೆ ಸುಣ್ಣ ಸವರುತ್ತ ಕೂರುತ್ತಿದ್ದ. ಕದದ ಹಿಂದೆ ಬಳೆ ಸದ್ದಾದರೆ ಅವ್ವನಿಗೆ ಒಪ್ಪಿಗೆ. ಕೆಮ್ಮಿದರೆ ಇಲ್ಲ. ಎರಡೂ ಇಲ್ಲದಿದ್ದರೆ ಅವಳಿನ್ನೂ ಯೋಚಿಸುತ್ತಿದ್ದಾಳೆ, ಅಪ್ಪ ಇನ್ನೊಂದು ಎಲೆಗೆ ಸುಣ್ಣ ಸವರಬೇಕು. ಕೆಮ್ಮು ಕೇಳಿದ ಮೇಲೆ ಅಪ್ಪ ಎಲೆ ಮಡಚಿ ಬಾಯಿಗಿಟ್ಟುಕೊಂಡು, "ನೋಡೋಣ್ರಿ, ಈ ಸಲ ಆಗೂಹಂಗ ಕಾಣೂದಿಲ್ಲ" ಅನ್ನುತ್ತಿದ್ದ. ಬಂದವರಿಗೆ ಗೊತ್ತಿರಲಿಲ್ಲವೇ? ಎಲ್ಲರಿಗೂ ಗೊತ್ತಿತ್ತು! ತಡಸದಿಂದ ಬರುತ್ತಿದ್ದ ಎತ್ತಿನ ದಲಾಲಿ ಅಪ್ಪನ ಕಡೆ ನೋಡದೆ ಕದದ ಕಡೆಗೇ ಮುಖ ಮಾಡಿ, "ಯಕ್ಕಾ, ಎತ್ತು ಹೊರಗ ಕಟ್ಟೇನಿ. ಒಮ್ಮೆ ನೋಡಿ ಆಮ್ಯಾಲೆ ಕೆಮ್ರಿ" ಅನ್ನುತ್ತಿದ್ದ. ಪಡಸಾಲೆಯೆಲ್ಲ ನಗುತ್ತಿತ್ತು. ಒಳಗೆ ಅವ್ವನೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ನಾನು ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಆಗ ಮುಲ್ಕಿಯಾದ ಹುಡುಗಿಯೆಂದರೆ ಊರಲ್ಲಿ ನಾನೊಬ್ಬಳೇ. ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಮುಗಿಸಿದರೆ ಸಾಲಿಯಲ್ಲಿ ಅಕ್ಕೋರಾಗಬಹುದಿತ್ತು. ನನಗೆ ಅದೊಂದೇ ಹುಚ್ಚು. ಗೋಡೆಗೆ ಇದ್ದಿಲಲ್ಲಿ ಬರೆದು, ಎದುರಿಗೆ ಯಾರೂ ಇಲ್ಲದಿದ್ದರೆ ಕರುಗಳಿಗೇ ಪಾಠ ಹೇಳುತ್ತಿದ್ದೆ. ಅವ್ವ ನನಗೆ ಮಾತು ಕೊಟ್ಟಿದ್ದಳು. "ನೀ ಓದವಾ. ಟ್ರೇನಿಂಗ್ ಮುಗಿಯೂತನ ನಾ ಯಾರಿಗೂ ಹೂಂ ಅನ್ನಂಗಿಲ್ಲ." ಬರಿಯ ಮಾತಲ್ಲ. ಅದಾಗಲೇ ಸವಣೂರ ಕಡೆಯಿಂದ ಬಂದಿದ್ದ ಒಂದು ಸಂಬಂಧವನ್ನು ಕದದ ಹಿಂದೆ ಕೂತೇ ಕೆಮ್ಮಿ ಕಳಿಸಿದ್ದಳು. ಬಂದವರು ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ನಗುನಗುತ್ತಲೇ ಎದ್ದುಹೋಗಿದ್ದರು.

ಇಂಥ ಮನೆಗೆ ನನ್ನ ಅಣ್ಣ ಸೋಫಾ ತಂದ.

ಅಣ್ಣ ಹಾನಗಲ್ಲಿನ ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದ. ಅಲ್ಲಿಗೆ ಮುಂಬೈ ಕಡೆಯ ಒಬ್ಬ ಸಾಹೇಬರು ಬಂದಿದ್ದರಂತೆ. ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಅವರ ಬಂಗಲೆಗೆ ಹೋದವನು ಅವರ ಹಾಲ್ ನೋಡಿ ಮರುಳಾಗಿ ಬಂದ. ಆಮೇಲೆ ಪ್ರತಿ ಶನಿವಾರ ಊರಿಗೆ ಬಂದಾಗಲೂ ಅದೇ ಪುರಾಣ. ಅವರ ಗೋಡೆಯ ಮೇಲೆ ಒಂದು ಮೊಳೆಯೂ ಇಲ್ಲವಂತೆ. ಒಂದು ಗೋಡೆಗೆ ಒಂದು ಬಣ್ಣ, ಉಳಿದವಕ್ಕೆ ಇನ್ನೊಂದು ಬಣ್ಣವಂತೆ. ಗೇರುಬೀಜದ ಆಕಾರದ, ಮೂರೇ ಕಾಲಿನ ಟೀಪಾಯಿಯಂತೆ. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಸಾಹೇಬರ ಹೆಂಡತಿ ಬಂದವರ ಎದುರಿಗೇ ಸೋಫಾದಲ್ಲಿ ಕೂತು ಮಾತಾಡುತ್ತಾರಂತೆ.

"ನಮ್ಮ ಅವ್ವ ಯಾಕ ಕಳ್ಳರಂಗ ಕದದ ಹಿಂದ ಕುಂದರಬೇಕಪಾ?" ಎಂದು ಅಪ್ಪನನ್ನು ಕೇಳಿದ.

"ಆಕಿ ಯಾರ ಭಯಕ್ಕ ಕುಂತಾಳೋ? ಆಕಿ ಜಾಗಾ ಅದು" ಎಂದ ಅಪ್ಪ.

"ಕಾಲ ಬದಲಾಗೇತಿ ಅಪ್ಪಾ. ಪಡಸಾಲಿ ನಾ ಹೊಸಾದು ಮಾಡಿಸ್ತೇನಿ. ನೀ ಸುಮ್ಮನ ಇರು."

ಅಪ್ಪ ಎಂದಿನಂತೆ ಎಲೆಗೆ ಸುಣ್ಣ ಸವರುತ್ತ ಕದದ ಕಡೆ ಕಿವಿಗೊಟ್ಟ. ಅವತ್ತು ಕದದ ಹಿಂದೆ ಯಾರೂ ಇರಲಿಲ್ಲ. ಅವ್ವನೂ ನಾನೂ ಬಂಕಾಪುರಕ್ಕೆ, ಅವಳ ತವರುಮನೆಗೆ, ಬಾಣಂತಿಯೊಬ್ಬಳನ್ನು ನೋಡಿಕೊಳ್ಳಲು ಹೋಗಿದ್ದೆವು. ಈ ಮಾತುಕತೆಯನ್ನು ಆಮೇಲೆ ಅಪ್ಪನೇ ನನಗೆ ಹೇಳಿದ್ದು. ಏನೂ ಸದ್ದಾಗದ್ದನ್ನು ಅಣ್ಣ ಒಪ್ಪಿಗೆ ಅಂದುಕೊಂಡ.

ನಾವು ತಿರುಗಿ ಬಂದಾಗ ನಮ್ಮ ಪಡಸಾಲೆಯ ಗುರುತೇ ನಮಗೆ ಸಿಗಲಿಲ್ಲ. ಸಗಣಿ ಸಾರಿಸಿದ ನೆಲ ಹೋಗಿ ಫರಸಿಕಲ್ಲು ಬಂದಿತ್ತು. ಗೂಟಗಳನ್ನೆಲ್ಲ ಕಿತ್ತು ತೂತು ಮುಚ್ಚಿದ್ದರು. ದೇವರುಗಳೆಲ್ಲ ಅಡುಗೆಮನೆಯ ಮೂಲೆಗೆ ಹೋಗಿ ಒತ್ತೊತ್ತಾಗಿ ನಿಂತಿದ್ದರು. ಮೂರು ಗೋಡೆಗೆ ಬಿಳಿಸುಣ್ಣ, ಎದುರಿನ ಒಂದು ಗೋಡೆಗೆ ಗಿಳಿಹಸಿರು ಬಣ್ಣ. ಬಂದಬಂದವರೆಲ್ಲ ಅದನ್ನು ನೋಡಿ, "ಯಾಕೋ ತಮ್ಮಾ, ಬಣ್ಣಾ ಸಾಲಲಿಲ್ಲೇನು?" ಎಂದು ಕನಿಕರದಿಂದ ಕೇಳುತ್ತಿದ್ದರು. ಅಣ್ಣ ಪ್ರತಿಯೊಬ್ಬರಿಗೂ ಅದು ಬೇಕಂತಲೇ ಮಾಡಿದ್ದು ಎಂದು ವಿವರಿಸಿ ವಿವರಿಸಿ ಸುಸ್ತಾದ. ಒಬ್ಬ ಮುದುಕ ಅಷ್ಟೆಲ್ಲ ಕೇಳಿಸಿಕೊಂಡು, "ಇರಲಿ ಬಿಡು, ಮುಂದಿನ ಸುಗ್ಗಿಗೆ ಉಳಿದದ್ದು ಹಚ್ಚೀಯಂತ" ಎಂದು ಸಮಾಧಾನ ಹೇಳಿ ಹೋದ.

ಹಸಿರು ಬಣ್ಣದ ಆ ಗೋಡೆಯ ನಡುವೆಯೇ ಮೊದಲು ಅವ್ವನ ಬಾಗಿಲಿತ್ತು. ಗೋಡೆ ಒಂದೇ ಸಮನೆ ಬರಿದಾಗಿ ಕಾಣಬೇಕೆಂದು ಅಣ್ಣ ಅದನ್ನು ಇಟ್ಟಂಗಿ ಇಟ್ಟು ಮುಚ್ಚಿಸಿಬಿಟ್ಟಿದ್ದ.

ಅವ್ವ ಕೈಯಲ್ಲಿದ್ದ ಗಂಟು ಕೆಳಗಿಟ್ಟು ಗೋಡೆಯ ಹತ್ತಿರ ಹೋದಳು. ಬಾಗಿಲಿದ್ದ ಜಾಗದಲ್ಲಿ ಅಂಗೈ ಇಟ್ಟಳು. ಇಟ್ಟಂಗಿಯ ಮೇಲೆ ಬಳಿದ ಗಿಲಾವು ಇನ್ನೂ ತಣ್ಣಗಿತ್ತು.

"ಹೆಂಗಾಗೇತವ್ವಾ?" ಅಂದ ಅಣ್ಣ. ಮುಖ ಹಿಗ್ಗಿ ಹೀರೇಕಾಯಿಯಾಗಿತ್ತು. "ಇನ್ನ ಮ್ಯಾಲೆ ನೀ ಅಲ್ಲೆಲ್ಲೋ ಮರಿಗೆ ಕುಂದರೂದು ಬ್ಯಾಡ. ಇಲ್ಲೆ ಎಲ್ಲಾರ ಜೋಡಿ ಕುಂದರು."

"ಚಲೋ ಆಗೇತಿ" ಎಂದಳು ಅವ್ವ. ಅಷ್ಟು ಹೇಳಿ ಅಡುಗೆಮನೆಯ ಬಾಗಿಲಿಂದ ಒಳಗೆ ಹೋದಳು.

ಸೋಫಾ ಬಂದದ್ದು ಒಂದೆರಡು ವಾರ ಬಿಟ್ಟು, ಸವಣೂರಿನಿಂದ, ಚಕ್ಕಡಿಯಲ್ಲಿ. ಅದನ್ನು ಮಾಡಿದವನು ಜನ್ಮವಿಡೀ ಚಕ್ಕಡಿ, ಕೂರಿಗೆ, ಮಂಚ ಮಾಡಿದ ಬಡಿಗ. ಅಣ್ಣ ಒಂದು ಪತ್ರಿಕೆಯ ಚಿತ್ರ ಹರಿದು ಕೊಟ್ಟಿದ್ದನಂತೆ. ಬಡಿಗ ಕಾಲುಗಳನ್ನೇನೋ ಚಿತ್ರದಲ್ಲಿದ್ದಂತೆಯೇ ಓರೆಯಾಗಿ ಮಾಡಿದ್ದ. ಆದರೆ ಚಿತ್ರದಲ್ಲಿ ಯಾರೂ ಕೂತಿರಲಿಲ್ಲ. ಮನುಷ್ಯ ಕೂರುವುದೆಂದರೆ ಚಕ್ಕಳಮಕ್ಕಳ ಹಾಕಿ ತಾನೇ, ಅದಕ್ಕೆ ಈ ಅಗಲ ಎಲ್ಲಿ ಸಾಕು ಎಂದು ಕೂರುವ ಹಲಗೆಯನ್ನು ಮಂಚದಷ್ಟು ಅಗಲ ಮಾಡಿದ್ದ. ತೀರ ಗಿಡ್ಡವಾದರೆ ಧೋತರ ನೆಲಕ್ಕೆ ತಾಗಿ ಹೊಲಸಾಗುತ್ತದೆಂದು ಎತ್ತರವನ್ನೂ ಏರಿಸಿದ್ದ. ಸಾಹೇಬರಂತೆ ಕಾಲು ಕೆಳಗೆ ಬಿಟ್ಟು ಕೂತರೆ ಬೆನ್ನು ಹಿಂದಿನ ಆಸರೆಗೆ ಮುಟ್ಟುತ್ತಿರಲಿಲ್ಲ. ಬೆನ್ನು ಮುಟ್ಟಿಸಿದರೆ ಕಾಲು ನೆಲ ಬಿಟ್ಟು ಮೇಲೇಳುತ್ತಿದ್ದವು. ಅಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. ಅಪ್ಪ ಮಾತ್ರ ಜೋಡು ಬಿಟ್ಟು ಮೇಲೆ ಹತ್ತಿ ಚಕ್ಕಳಮಕ್ಕಳ ಹಾಕಿಕೊಂಡು, "ಚಲೋ ಐತಲ್ಲೋ" ಎಂದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಸೋಫಾ ನೋಡಿ ನಾನು ನಕ್ಕದ್ದು ಅದೇ ಕೊನೆ.

ಹಿರೇಕೆರೂರಿನ ದೊಡ್ಡಪ್ಪ ಬಂದದ್ದು ಅದೇ ಚಳಿಗಾಲದಲ್ಲಿ. ಅವರು ಅಪ್ಪನ ದೊಡ್ಡಪ್ಪನ ಮಗ, ವಯಸ್ಸಿನಲ್ಲಿ ಹಿರಿಯರು, ಗಟ್ಟಿ ದನಿಯವರು. ಅವರ ಎದುರು ಅಪ್ಪ ಯಾವತ್ತೂ ತಲೆ ಎತ್ತಿ ಮಾತಾಡಿದ್ದು ನಾನು ಕಾಣೆ. ಜೊತೆಗೆ ಮಾಸೂರಿನ ಇಬ್ಬರನ್ನು ಕರೆತಂದಿದ್ದರು. ಮದಗದ ಕೆರೆಯ ನೀರುಂಡ ಗದ್ದೆಯವರು, ಹುಡುಗ ಚಲೋ, ಮನೆತನ ಚಲೋ. ನನ್ನನ್ನು ಯಾವುದೋ ಮದುವೆಯಲ್ಲಿ ಅವರು ಆಗಲೇ ನೋಡಿದ್ದರಂತೆ. ಮಾತು ಮುಗಿಸಿಕೊಂಡು ಹೋಗಲೆಂದೇ ಬಂದಿದ್ದರು.

ನಾನು ಅಡುಗೆಮನೆಯಲ್ಲಿ ಅವ್ವನ ಬೆನ್ನಿಗೆ ಹೋಗಿ ನಿಂತೆ. ಅಣ್ಣ ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದ: "ಹೆದರಬ್ಯಾಡ. ನೀ ಟ್ರೇನಿಂಗಿಗೆ ಹೋಗಾಕಿನ. ಅವ್ವನ ಬಾಯಿಲೆನ ಎಲ್ಲಾರ ಮುಂದ ಬ್ಯಾಡ ಅನಿಸ್ತೇನಿ, ನೋಡ್ತಿರು." ಇದನ್ನು ನಾನು ಹೇಳಲೇಬೇಕು. ಅಣ್ಣ ನನ್ನ ಕಡೆಯವನೇ ಆಗಿದ್ದ.

ಆಮೇಲೆ ಅವ್ವನ ಕಡೆ ತಿರುಗಿದ. "ಅವ್ವಾ, ಹೊರಗ ಬಾ."

ಅವ್ವ ಗಾಬರಿಯಾದಳು. "ಬಾವಾರು ಕುಂತಾರೋ!"

ಗಂಡನ ಅಣ್ಣನ ಎದುರು ಹೆಂಗಸರು ನಿಲ್ಲುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವ್ವ ಈ ಭಾವನಿಗೆ ಊಟ ಕಳಿಸಿದ್ದಾಳೆ, ಅವರ ಮಾತಿಗೆ ಎಷ್ಟೋ ಸಲ ಕದದ ಹಿಂದಿನಿಂದ ಕೆಮ್ಮಿದ್ದಾಳೆ. ಅವರ ಮುಖ ನೆಟ್ಟಗೆ ನೋಡಿರಲಿಲ್ಲ, ಅವರ ಜೊತೆ ಒಂದು ಮಾತೂ ಆಡಿರಲಿಲ್ಲ.

"ಕುಂತರ ಕುಂದರ್ಲಿ. ನಿನ್ನ ಮಗಳ ಮಾತು, ನೀನ ಮುಂದ ಕುಂತು ಹೇಳಬೇಕು. ಬಾಗಲ ಹಿಂದ ಕೆಮ್ಮೂ ಕಾಲ ಹೋತು" ಎಂದು ಅಣ್ಣ ಅವಳ ಕೈ ಹಿಡಿದು ಕರೆದುಕೊಂಡು ಹೋದ. ಒಂದೇ ಸೋಫಾ. ಒಂದು ತುದಿಗೆ ದೊಡ್ಡಪ್ಪ ಕಾಲು ಮೇಲಿಟ್ಟು ಕೂತಿದ್ದರು, ಇನ್ನೊಂದು ತುದಿಗೆ ಅಣ್ಣ ಅವ್ವನನ್ನು ಕೂರಿಸಿದ. ಮಾಸೂರಿನವರು ಎದುರಿನ ಕುರ್ಚಿಗಳಲ್ಲಿ. ಅಪ್ಪ ಗೋಡೆಯ ಬದಿಗೆ ಒಂದು ಕುರ್ಚಿಯಲ್ಲಿ.

ನಾನು ಚಹಾದ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಲ್ಲಿಂದ ಅವ್ವನ ಕಾಲು ಕಾಣುತ್ತಿದ್ದವು. ಗಂಡಸರ ನಡುವೆ ಕಾಲು ಮೇಲಿಟ್ಟು ಕೂರಲು ಅವಳಿಗೆ ಮನಸ್ಸಾಗಿರಲಿಲ್ಲ. ಕೆಳಗೆ ಬಿಟ್ಟರೆ ನೆಲ ಸಿಗುತ್ತಿರಲಿಲ್ಲ. ಸಣ್ಣ ಹುಡುಗಿಯ ಕಾಲಿನಂತೆ ಅವು ಗಾಳಿಯಲ್ಲಿ ಜೋತಾಡುತ್ತಿದ್ದವು. ಕಾಲುಂಗುರ ಕಾಣಬಾರದೆಂದು ಅವಳು ಸೀರೆಯ ಅಂಚನ್ನು ಎಳೆದೆಳೆದುಕೊಳ್ಳುತ್ತಿದ್ದಳು.

ಹೆಂಗಸು ಹೊರಗೆ ಬಂದು ಕೂತದ್ದು ಕಂಡು ದೊಡ್ಡಪ್ಪ ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಅವರೂ ಕಾಲಕ್ಕೆ ತಕ್ಕಂತೆ ಇರಬೇಕೆಂದುಕೊಂಡರೋ ಏನೋ. ಅಪ್ಪನನ್ನು ಬಿಟ್ಟು ಅವ್ವನ ಕಡೆಗೇ ತಿರುಗಿದರು. ಬಹಳ ಮರ್ಯಾದೆಯಿಂದಲೇ ಕೇಳಿದರು.

"ಏನವಾ, ತಾಯಿ ಅಂದ್ರ ನೀನು. ನೀನ ಹೇಳಿಬಿಡು. ಹುಡುಗಿ ಮಾಸೂರಿಗೆ ಕೊಡ್ತೀಯೋ ಇಲ್ಲೋ?"

ಎಲ್ಲರೂ ಅವ್ವನ ಮುಖ ನೋಡಿದರು. ಮಾಸೂರಿನ ಇಬ್ಬರು, ದೊಡ್ಡಪ್ಪ, ಹುರುಪಿನಿಂದ ನಿಂತಿದ್ದ ಅಣ್ಣ. ಅಪ್ಪ ಒಬ್ಬನೇ ಅವಳ ಕಡೆ ನೋಡಲಿಲ್ಲ. ಅವನು ಎಲೆಗೆ ಸುಣ್ಣ ಸವರುತ್ತ, ಅಭ್ಯಾಸಬಲದಿಂದ, ಹಸಿರು ಗೋಡೆಯ ಕಡೆಗೆ ಕಿವಿ ವಾಲಿಸಿ ಕಾಯುತ್ತಿದ್ದ. ಅವ್ವ ಎದುರಿಗೇ ಕೂತಿದ್ದಾಳೆ, ಅವನು ಗೋಡೆಯಿಂದ ಸದ್ದು ಬರಲೆಂದು ಕಾಯುತ್ತಿದ್ದಾನೆ!

ಅವ್ವ ಬಾಯಿ ತೆರೆದಳು, ಮುಚ್ಚಿದಳು. ಸೆರಗು ಮುಂದಕ್ಕೆ ಎಳೆದುಕೊಂಡಳು. ಆಮೇಲೆ ನೆಲ ನೋಡುತ್ತ ಹೇಳಿದಳು.

"ನೀವು ಹಿರ್ಯಾರು. ನೀವು ಅಂದಂಗ ಆಗಲ್ರಿ."

"ಅವ್ವಾ!" ಎಂದ ಅಣ್ಣ. ಅಷ್ಟರಲ್ಲಿ ದೊಡ್ಡಪ್ಪ ತೊಡೆ ತಟ್ಟಿ ನಕ್ಕಿದ್ದರು. "ತಾಯಿನ ಹೂಂ ಅಂದ ಮ್ಯಾಲೆ ಮತ್ತೇನೈತಿ? ಸಕ್ರಿ ತಗೊಂಡು ಬರ್ರಿ!" ಅಣ್ಣ ಏನೋ ಹೇಳಲು ಹೋದ, ಟ್ರೇನಿಂಗ್ ಅಂದ, ಧಾರವಾಡ ಅಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟು ಜನರ ಎದುರು ಬಾಯಿಬಿಟ್ಟು ಕೊಟ್ಟ ತಾಯಿಯ ಮಾತಿಗಿಂತ ದೊಡ್ಡದು ಯಾವುದಿದೆ? ಸಕ್ಕರೆಯ ಬಟ್ಟಲನ್ನು ಹೊರಗೆ ತಂದು ಕೊಟ್ಟವಳು ನಾನೇ.

ಒಳಗೆ ಬಂದಮೇಲೆ ಅವ್ವನ ಮೇಲೆ ಹರಿಹಾಯ್ದೆ. ನನಗೆ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. "ಯಾಕ ಹಂಗ ಅಂದಿ? ನನಗ ಮಾತು ಕೊಟ್ಟಿದ್ದಿಲ್ಲೇನು? ಮಾತು ಕೊಟ್ಟು ಹಿಂಗ ಕುತಗಿ ಕೊಯ್ಯೂದ?"

ಅವ್ವ ಒಲೆಯ ಮುಂದೆ ಕುಸಿದು ಕೂತಿದ್ದಳು. "ಬ್ಯಾಡ ಅನಬೇಕಂತನ ಕುಂತಿದ್ದೆ ನನ ಮಗಳ. ಎಲ್ಲಾರೂ ಮಾರಿ ನೋಡಾಕತ್ರು. ಮಾರಿ ನೋಡಿ ಬ್ಯಾಡ ಅನ್ನೂದು ನಾ ಎಲ್ಲೆ ಕಲತೇನಿ?" ಎಂದು ಅಳತೊಡಗಿದಳು. ನಾನು ಅವಳನ್ನು ಸಮಾಧಾನ ಮಾಡಲಿಲ್ಲ. ನನಗೇ ಅಳು ಬಂದಿತ್ತು.

ಎಷ್ಟೋ ವರ್ಷ ಇದನ್ನು ತಲೆಯಲ್ಲಿ ತಿರುವಿ ಹಾಕಿದ್ದೇನೆ. ಹೆಂಗಸನ್ನು ಮರೆಯಲ್ಲಿ ಕೂರಿಸುವುದು ಒಳ್ಳೆಯ ಪದ್ಧತಿ ಎಂದು ನಾನು ಹೇಳುತ್ತಿಲ್ಲ. ಹಾಗೆಂದು ಯಾರಾದರೂ ನನ್ನ ಬಾಯಿಗೆ ಮಾತು ತುರುಕಿದರೆ ಜಗಳಕ್ಕೆ ನಿಲ್ಲುತ್ತೇನೆ. ಆದರೆ ಕದದ ಹಿಂದಿನಿಂದ ಬಂದ 'ಬೇಡ'ಕ್ಕೆ ಮುಖ ಇರುತ್ತಿರಲಿಲ್ಲ. ಅದನ್ನು ಯಾರು ಹೇಳಿದರೆಂದು ಎಲ್ಲರಿಗೂ ಗೊತ್ತು, ಆದರೂ ಯಾರೂ ಹೇಳಿಲ್ಲ. ಕೇಳಿದವರ ಮರ್ಯಾದೆಯೂ ಉಳಿಯುತ್ತಿತ್ತು, ಹೇಳಿದವಳ ಧೈರ್ಯವೂ ಉಳಿಯುತ್ತಿತ್ತು. ಅಷ್ಟು ವರ್ಷ ಇಡೀ ಮನೆಯನ್ನು ಅಲ್ಲಿ ಕೂತು ಆಳಿದವಳನ್ನು ಒಂದು ಮಧ್ಯಾಹ್ನ ಎತ್ತಿ ಬೆಳಕಿಗೆ ತಂದು, ಈಗ ಮಾತಾಡು ಅಂದರೆ ಅವಳು ಮಾತು ಎಲ್ಲಿಂದ ತರಬೇಕು? ಆ ಸೋಫಾ ಬರುವ ಮೊದಲು ಅವ್ವ ಹೆದರಿದ್ದು ನಾನು ಕಂಡೇ ಇರಲಿಲ್ಲ.

ಮಾಸೂರಿಗೆ ಬಂದು ನಾನು ಕೆಟ್ಟು ಹೋದೆನೆಂದು ಯಾರೂ ತಿಳಿಯಬಾರದು. ಗಂಡ ಒಳ್ಳೆಯವನು. ಕೆರೆಯ ನೀರಿದ್ದ ಊರು, ಉಣ್ಣಲು ಉಡಲು ಕೊರತೆಯಾಗಲಿಲ್ಲ. ನಾಟಿಯ ದಿನಗಳಲ್ಲಿ ಕೂಲಿ ಹೆಂಗಸರ ಮಕ್ಕಳನ್ನು ಬದುವಿನ ಮೇಲೆ ಕೂರಿಸಿಕೊಂಡು ಅಕ್ಷರ ಹೇಳಿಕೊಟ್ಟಿದ್ದೇನೆ. ಆದರೆ ಅದು ಸಾಲಿಯಲ್ಲ, ನಾನು ಅಕ್ಕೋರಲ್ಲ. ಬೆಳಗಿನ ಹೊತ್ತು ಊರಿನ ಸಾಲಿಯಲ್ಲಿ ಗಂಟೆ ಬಾರಿಸಿದರೆ ಇವತ್ತಿಗೂ ಕೈಯಲ್ಲಿದ್ದ ಕೆಲಸ ಒಂದು ಕ್ಷಣ ನಿಲ್ಲುತ್ತದೆ.

ಇನ್ನೊಂದು ಹೇಳಬೇಕು. ಮಾತು ಮುಗಿದ ಮುಂದಿನ ವಾರ ಅಣ್ಣ ಹಾನಗಲ್ಲಿನಿಂದ ಬಂದ. ವಾರವಿಡೀ ಒಳಗೊಳಗೇ ಕುದ್ದಿದ್ದನೆಂದು ಕಾಣುತ್ತದೆ. ಚೀಲ ಇಡುವ ಮೊದಲೇ ಪಡಸಾಲೆಯಲ್ಲಿ ನಿಂತು ಅವ್ವನನ್ನು ಕೂಗಿ ಕರೆದ. ಅವ್ವ ಹಿಟ್ಟಿನ ಕೈಯಲ್ಲೇ ಬಂದಳು.

"ಬಾಯಿ ಬಿಟ್ಟು ಮಾತಾಡಲಿ ಅಂತ ನಿನಗ ಎಲ್ಲಾರ ನಡುವ ಜಾಗಾ ಮಾಡಿ ಕೊಟ್ನಿ" ಎಂದ. "ನೀ ಹೂಂ ಅಂದುಬಿಟ್ಟಿ. ತಂಗಿ ಬದುಕು ಹೋತಲ್ಲವ್ವಾ. ಯಾಕ ಅಂದಿ?"

ಅವ್ವ ಸೆರಗು ಎಳೆದುಕೊಳ್ಳಲಿಲ್ಲ, ನೆಲ ನೋಡಲಿಲ್ಲ. ಮಗನ ಮುಖವನ್ನೇ ನೋಡಿದಳು.

"ಜಾಗಾ ಮಾಡಿಕೊಟ್ಟಿ ಹೌದು. ನನ್ನ ಜಾಗಾ ಮುಚ್ಚಿ ಮಾಡಿಕೊಟ್ಟಿ. ಮುಚ್ಚೂ ಮುಂದ ನನ್ನ ಒಂದು ಮಾತು ಕೇಳಿದ್ಯೇನಪಾ?"

ಅಣ್ಣನ ಕಣ್ಣಲ್ಲಿ ನೀರು ಬಂತು. ಅವ್ವ ಅಷ್ಟು ನೆಟ್ಟಗೆ, ಅಷ್ಟು ಗಟ್ಟಿಯಾಗಿ ಒಬ್ಬರ ಎದುರು ನಿಂತು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು ಕೇಳುತ್ತ ನನಗೆ ಎದೆ ಒಡೆದು ಹೋಯಿತು. ಏಕೆಂದರೆ ಹಿಂದಿನ ದಿನವೇ ಮಾಸೂರಿನವರು ಮುಹೂರ್ತ ತೆಗೆಸಿ ಹೇಳಿಕಳಿಸಿದ್ದರು.